ಥೈರಾಯ್ಡ್ ಸ್ಕ್ಯಾನ್ ಅಳತೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯಲ್ಲಿ ಸ್ಕ್ಯಾನಿಂಗ್ ಮಾಡುವ ವೈದ್ಯ. ಕತ್ತಿನ ಸ್ಕ್ಯಾನ್ ಮುಗಿದು ಜೆಲ್ ಒರೆಸಿಕೊಳ್ಳುವ ಹೊತ್ತಿಗೇ ಜನ ಕೇಳಲು ಶುರು ಮಾಡುತ್ತಾರೆ. ಊರಿಗೆ ಹೋದ ಮೇಲೆ ರಿಪೋರ್ಟಿನ ಫೋಟೊ ಕಳಿಸಿ ಮತ್ತೆ ಕೇಳುತ್ತಾರೆ. ಸಿರುಗುಪ್ಪ, ಸಂಡೂರು, ಸಿಂಧನೂರು, ಗಂಗಾವತಿ, ಕುಷ್ಟಗಿ ಕಡೆಯವರ ಪ್ರಶ್ನೆಗಳು ಇಲ್ಲಿವೆ. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕೊನೆಯಲ್ಲಿ ನರ್ಸಿಂಗ್ ಮತ್ತು ರೇಡಿಯಾಲಜಿ ಕಲಿಯುವ ಹುಡುಗರು ಕೇಳುವಂಥವು. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಮೊದಲ ಸಲ ಸ್ಕ್ಯಾನ್ ಮಾಡಿಸುವವರಿಗೆ

“ನಮ್ಮ ಮನ್ಯಾಗ ಯಾರಿಗೂ ಥೈರಾಯ್ಡ್ ಇಲ್ಲ. ನನಗ್ಯಾಕ ಬಂತ್ರೀ?”

ಥೈರಾಯ್ಡ್ ಅಂದರೆ ರೋಗ ಅಲ್ಲ, ಒಂದು ಗ್ರಂಥಿ. ಎಲ್ಲರಿಗೂ ಇರುತ್ತದೆ. ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳದ ಎರಡೂ ಪಕ್ಕ ಒಂದೊಂದು ಭಾಗ ಇದೆ. ಅದನ್ನು ಲೋಬ್ ಅನ್ನುತ್ತೇವೆ. ಎರಡನ್ನೂ ನಡುವೆ ಕೂಡಿಸುವ ತೆಳು ಪಟ್ಟಿಗೆ ಇಸ್ತ್‌ಮಸ್ ಅಂತ ಹೆಸರು. ಈ ಗ್ರಂಥಿ ಕೆಲಸ ಜಾಸ್ತಿ ಮಾಡಬಹುದು, ಕಡಿಮೆ ಮಾಡಬಹುದು, ಊದಬಹುದು, ಗಂಟು ಕಟ್ಟಬಹುದು. ಇವು ನಾಲ್ಕೂ ಬೇರೆ ಬೇರೆ ತೊಂದರೆ. ಈ ಪುಟ ಮುಖ್ಯವಾಗಿ ಮೂರನೆಯದರ ಬಗ್ಗೆ, ಅಂದರೆ ಗ್ರಂಥಿ ಎಷ್ಟು ದೊಡ್ಡದಿದೆ ಅಂತ ಸ್ಕ್ಯಾನ್‌ನಲ್ಲಿ ಹೇಗೆ ಅಂದಾಜು ಮಾಡುತ್ತೇವೆ ಅನ್ನುವುದರ ಬಗ್ಗೆ.

“ಡಾಕ್ಟರು ಕೈಲೆ ಮುಟ್ಟಿ ನೋಡ್ಯಾರಲ್ಲ, ಮತ್ತ ಸ್ಕ್ಯಾನ್ ಯಾಕ ಬೇಕು?”

ಕೈಯಿಂದ ನೋಡುವುದಕ್ಕೂ ಒಂದು ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಊತವನ್ನು ಮೂರು ಗ್ರೇಡ್ ಮಾಡುತ್ತಾರೆ. ಕೈಗೂ ಸಿಗದೆ ಕಣ್ಣಿಗೂ ಕಾಣದೆ ಇದ್ದರೆ 0. ಕತ್ತು ನೆಟ್ಟಗಿದ್ದಾಗ ಕಾಣುವುದಿಲ್ಲ, ಆದರೆ ಕೈಗೆ ಸಿಗುತ್ತದೆ ಅಂದರೆ 1. ಸುಮ್ನೆ ಕೂತಾಗಲೇ ಎದ್ದು ಕಂಡರೆ 2. ಒಂದು ಲೋಬ್ ಆ ವ್ಯಕ್ತಿಯದೇ ಹೆಬ್ಬೆರಳಿನ ತುದಿಯ ಗೆಣ್ಣಿಗಿಂತ ದೊಡ್ಡದಿದ್ದರೆ ಊದಿದೆ ಅಂತ ಎಣಿಸುವುದು ಹಳೆಯ ಪದ್ಧತಿ.

ದೊಡ್ಡ ಗಡ್ಡೆಗೆ ಇಷ್ಟು ಸಾಕು. ಸಣ್ಣ ಊತಕ್ಕೆ ಸಾಲದು. ಕತ್ತು ದಪ್ಪ ಇರುವವರಲ್ಲಿ ಊದಿದ್ದೂ ಕೈಗೆ ಸಿಗುವುದಿಲ್ಲ, ತೆಳ್ಳಗಿರುವ ಹುಡುಗಿಯರಲ್ಲಿ ಸರಿಯಿದ್ದದ್ದೂ ಊದಿದಂತೆ ಅನ್ನಿಸುತ್ತದೆ. ಇಬ್ಬರು ಡಾಕ್ಟರು ಮುಟ್ಟಿ ನೋಡಿ ಬೇರೆ ಬೇರೆ ಗ್ರೇಡ್ ಹೇಳಬಹುದು. ಸ್ಕ್ಯಾನ್ ಒಂದು ಸಂಖ್ಯೆ ಕೊಡುತ್ತದೆ. ಮುಂದಿನ ವರ್ಷ ಹೋಲಿಸುವುದಕ್ಕೆ ಆ ಸಂಖ್ಯೆ ಬೇಕು.

“ಖಾಲಿ ಹೊಟ್ಟೀಲೆ ಬರಬೇಕೇನ್ರಿ? ತಾಳಿ ತೆಗೀಬೇಕಾ?”

ಉಂಡು ಬನ್ನಿ, ಏನೂ ತೊಂದರೆ ಇಲ್ಲ. ಮೂತ್ರ ತಡೆದುಕೊಳ್ಳುವುದೂ ಬೇಡ. ತಾಳಿ ತೆಗೆಯಬೇಕಿಲ್ಲ, ಎದೆಯ ಕಡೆ ಸರಿಸಿ ಹಿಡಿದುಕೊಂಡರೆ ಆಯಿತು. ಬೋರಮಾಳದಂಥ ಕತ್ತಿಗೆ ಒತ್ತಿ ಕೂರುವ ಸರ ಇದ್ದರೆ ಮಾತ್ರ ಬಿಚ್ಚಿಡಿ. ಹೆಗಲ ಕೆಳಗೆ ದಿಂಬು ಇಟ್ಟು ತಲೆ ಹಿಂದಕ್ಕೆ ಬಾಗಿಸಿ ಮಲಗಿಸುತ್ತೇವೆ. ಕತ್ತು ನೋವಿದ್ದವರು, ವಯಸ್ಸಾದವರು ಮೊದಲೇ ಹೇಳಿಬಿಡಿ. ಹತ್ತು ಹದಿನೈದು ನಿಮಿಷದ ಕೆಲಸ. ಇದರಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಶಬ್ದದ ತರಂಗ ಅಷ್ಟೇ.

“ಟಿಎಸ್‌ಎಚ್ ನಾರ್ಮಲ್ ಐತಿ, ಸ್ಕ್ಯಾನ್ನ್ಯಾಗ ದೊಡ್ಡದಾಗೈತಿ ಅಂತಾರ. ಯಾವ್ದು ಖರೇ?”

ಎರಡೂ ಖರೆ. ಟಿಎಸ್‌ಎಚ್ ಅನ್ನುವ ರಕ್ತಪರೀಕ್ಷೆ ಗ್ರಂಥಿಯ ಕೆಲಸ ಹೇಳುತ್ತದೆ, ಸ್ಕ್ಯಾನ್ ಅದರ ಗಾತ್ರ ಮತ್ತು ಒಳಗಿನ ಚಿತ್ರ ಹೇಳುತ್ತದೆ. ದೊಡ್ಡ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿರಬಹುದು. ಪುಟ್ಟ ಗ್ರಂಥಿ ಪೂರ್ತಿ ಸೋತಿರಬಹುದು. ಹಾಶಿಮೊಟೊ ಅನ್ನುವ ಕಾಯಿಲೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅದರಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ಬೀಳುತ್ತದೆ. ಕೆಲವರಲ್ಲಿ ಮೊದಲು ಊದುತ್ತದೆ, ವರ್ಷಗಳು ಕಳೆದ ಮೇಲೆ ಕುಗ್ಗಿ ಸಣ್ಣದಾಗುತ್ತದೆ.

ಹಾಗಾಗಿ ಗಾತ್ರ ನೋಡಿ ಮಾತ್ರೆ ಶುರು ಮಾಡುವುದಾಗಲಿ, ಬಿಡುವುದಾಗಲಿ ಮಾಡಬೇಡಿ. ಮಾತ್ರೆಯ ಪ್ರಮಾಣ ಗೊತ್ತಾಗುವುದು ರಕ್ತದಿಂದ. ಇದನ್ನು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ, ಏಕೆಂದರೆ “ಗಡ್ಡೆ ಸಣ್ಣ ಆಗೈತಿ” ಅಂತ ಸಂತೋಷಪಟ್ಟು ಮಾತ್ರೆ ನಿಲ್ಲಿಸಿದವರು ಆರು ತಿಂಗಳಿಗೆ ಮೈ ಊದಿಸಿಕೊಂಡು ಸುಸ್ತಾಗಿ ಬರುವುದು ಇದೆ.

## ರಿಪೋರ್ಟ್ ಕೈಯಲ್ಲಿರುವವರಿಗೆ

“4.8 × 1.8 × 1.6 ಅಂತ ಬರದಾರ. ಏನಿದು, ಮೂರು ಗಂಟು ಅದಾವೇನು?”

ಗಂಟಲ್ಲ, ಗಾಬರಿ ಬೇಡ. ಒಂದೇ ಲೋಬಿನ ಮೂರು ಅಳತೆ ಅವು. ಉದ್ದ 4.8 ಸೆಂ.ಮೀ, ಅಗಲ 1.8, ದಪ್ಪ 1.6. ಉದ್ದ ಅಂದರೆ ಗದ್ದದ ಕಡೆಯಿಂದ ಎದೆಯ ಕಡೆಗೆ. ಅಗಲ ಅಂದರೆ ಶ್ವಾಸನಾಳದಿಂದ ಪಕ್ಕಕ್ಕೆ, ರಕ್ತನಾಳದ ಕಡೆಗೆ. ದಪ್ಪ ಅಂದರೆ ಚರ್ಮದ ಕಡೆಯಿಂದ ಬೆನ್ನಿನ ಕಡೆಗೆ. ರಿಪೋರ್ಟ್‌ನಲ್ಲಿ ದಪ್ಪವನ್ನು ಎಪಿ ಅಂತ ಬರೆಯುವುದುಂಟು.

ಕೆಲವು ಸೆಂಟರ್‌ಗಳಲ್ಲಿ ದಪ್ಪ ಮೊದಲು, ಉದ್ದ ಕೊನೆಗೆ ಬರೆಯುತ್ತಾರೆ. ಗುಣಾಕಾರಕ್ಕೆ ಅದರಿಂದ ವ್ಯತ್ಯಾಸ ಇಲ್ಲ. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಉದ್ದ ಅಂತ ತಿಳಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ದೊಡ್ಡವರಲ್ಲಿ ಉದ್ದ 4ರಿಂದ 6 ಸೆಂ.ಮೀ, ಅಗಲ ಮತ್ತು ದಪ್ಪ 2 ಸೆಂ.ಮೀ ಒಳಗೆ ಇರುವುದು ವಾಡಿಕೆ. ದಪ್ಪ 2 ದಾಟಿದರೆ ನಾವು ಎರಡನೇ ಸಲ ನೋಡುತ್ತೇವೆ. ಉದ್ದ ಒಬ್ಬೊಬ್ಬರಲ್ಲಿ ಒಂದೊಂದು ರೀತಿ, ಉದ್ದ ಕತ್ತಿನವರಲ್ಲಿ ಲೋಬೂ ಉದ್ದ. ದಪ್ಪ ಅಷ್ಟೊಂದು ಬದಲಾಗುವುದಿಲ್ಲ. ಅದಕ್ಕೇ ಊತ ಹಿಡಿಯಲು ದಪ್ಪದ ಅಳತೆ ಚೆನ್ನ.

“ಎಂಎಲ್ ಲೆಕ್ಕ ನಾವ ಮಾಡಬಹುದಾ ಸರ್? ಹೆಂಗ?”

ಖಂಡಿತ ಮಾಡಬಹುದು. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಉದ್ದ, ಅಗಲ, ದಪ್ಪ ಮೂರನ್ನೂ ಗುಣಿಸಿ, ಬಂದದ್ದನ್ನು 0.523ರಿಂದ ಗುಣಿಸಿ. ಅಳತೆ ಸೆಂ.ಮೀನಲ್ಲಿದ್ದರೆ ಉತ್ತರ ನೇರ ಎಂಎಲ್‌ನಲ್ಲಿ ಬರುತ್ತದೆ. ಸಿಸಿ ಅಂತ ಬರೆದರೂ ಅದೇ.

ಮೇಲಿನ ಲೋಬನ್ನೇ ಬಲಗಡೆಯದು ಅಂತ ಇಟ್ಟುಕೊಳ್ಳಿ. 4.8 × 1.8 × 1.6 ಅಂದರೆ 13.82. ಅದನ್ನು 0.523ರಿಂದ ಗುಣಿಸಿದರೆ 7.2 ಎಂಎಲ್. ಎಡಗಡೆ 4.5 × 1.7 × 1.5 ಇದ್ದರೆ ಗುಣಲಬ್ಧ 11.48, ಗಾತ್ರ 6.0 ಎಂಎಲ್. ಎರಡೂ ಸೇರಿ 13.2 ಎಂಎಲ್. ಗ್ರಂಥಿಯ ತೂಕವೂ ಹೆಚ್ಚುಕಡಿಮೆ 13 ಗ್ರಾಂ, ಏಕೆಂದರೆ ಒಂದು ಎಂಎಲ್ ಅಂದರೆ ಸುಮಾರು ಒಂದು ಗ್ರಾಂ.

0.523 ಎಲ್ಲಿಂದ ಬಂತು ಅಂತ ಶಾಲೆಯ ಮೇಷ್ಟ್ರೊಬ್ಬರು ಕೇಳಿದ್ದರು. ನೇರಳೆ ಹಣ್ಣು ಸರಿಯಾಗಿ ಹಿಡಿಸುವ ಒಂದು ಪೆಟ್ಟಿಗೆ ಮಾಡಿದಿರಿ ಅನ್ನಿ. ಉದ್ದ, ಅಗಲ, ಎತ್ತರ ಗುಣಿಸಿದರೆ ಪೆಟ್ಟಿಗೆಯ ಗಾತ್ರ ಬರುತ್ತದೆ. ಹಣ್ಣಿನ ಮೂಲೆಗಳು ದುಂಡಗೆ ಇರುವುದರಿಂದ ಅದು ಪೆಟ್ಟಿಗೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜಾಗ ತುಂಬುತ್ತದೆ. ಗಣಿತದಲ್ಲಿ ಆ ಪಾಲು ಪೈ ಭಾಗಿಸು 6, ಅಂದರೆ 0.523 ಚಿಲ್ಲರೆ. ಲೋಬನ್ನೂ ಅಂಥ ಆಕಾರ ಅಂತ ಇಟ್ಟುಕೊಂಡು ಲೆಕ್ಕ ಹಾಕುತ್ತೇವೆ. ನಿಜವಾದ ಲೋಬ್ ಅಷ್ಟು ನಯವಾಗಿ ಇರುವುದಿಲ್ಲ. ಆದ್ದರಿಂದಲೇ ಇದು ಅಂದಾಜು.

ಒಂದು ಎಚ್ಚರಿಕೆ. ರಿಪೋರ್ಟ್‌ನಲ್ಲಿ 48 × 18 × 16 ಅಂತ ಇದ್ದರೆ ಅದು ಮಿ.ಮೀ. ಲೆಕ್ಕ ಮಾಡಿ ಕೊನೆಗೆ 1000ದಿಂದ ಭಾಗಿಸಬೇಕು. ಇದನ್ನು ಮರೆತು “ಏಳು ಸಾವಿರ ಬಂತು” ಅಂತ ರಾತ್ರಿ ಫೋನ್ ಮಾಡುವವರು ಇದ್ದಾರೆ. ಮಾಡಲಿ, ಭಯ ಇಟ್ಟುಕೊಂಡು ಮಲಗುವುದಕ್ಕಿಂತ ಕೇಳುವುದೇ ಒಳ್ಳೆಯದು.

“ಹಂಗಾದ್ರ ನಾರ್ಮಲ್ ಎಷ್ಟು ಇರಬೇಕು? ಒಂದ ನಂಬರ್ ಹೇಳ್ರಿ.”

ಹೆಚ್ಚು ಬಳಕೆಯಲ್ಲಿರುವ ಮಿತಿ ಇದು: ಹೆಂಗಸರಿಗೆ 18 ಎಂಎಲ್, ಗಂಡಸರಿಗೆ 25 ಎಂಎಲ್. ಇದನ್ನು ದಾಟಿದರೆ ಊದಿದೆ ಅನ್ನುತ್ತೇವೆ. ಆದರೆ ಇದು ಯುರೋಪಿನಲ್ಲಿ ಬಳಕೆಗೆ ಬಂದ ಮಿತಿ. ಥೈರಾಯ್ಡ್ ಗಾತ್ರ ಮೈಕಟ್ಟಿನ ಜೊತೆ ಹೋಗುತ್ತದೆ. ಎತ್ತರ, ತೂಕ ಜಾಸ್ತಿ ಇದ್ದವರಲ್ಲಿ ಗ್ರಂಥಿಯೂ ದೊಡ್ಡದು. ನಮ್ಮ ಕಡೆ ಸಣ್ಣ ಮೈಕಟ್ಟಿನ ಹೆಣ್ಣುಮಕ್ಕಳಲ್ಲಿ ಎರಡೂ ಲೋಬ್ ಸೇರಿ 10 ಎಂಎಲ್‌ಗಿಂತ ಕಡಿಮೆ ಬರುವುದು ತೀರಾ ಸಾಮಾನ್ಯ.

ಇದರಿಂದ ಎರಡು ಮಾತು ತಿಳಿಯುತ್ತದೆ. 8 ಎಂಎಲ್ ಬಂದರೆ “ಗ್ರಂಥಿ ಒಣಗಿದೆ” ಅಂತ ಹೆದರಬೇಕಿಲ್ಲ. ಹಾಗೆಯೇ ನಲವತ್ತೈದು ಕೆಜಿ ತೂಕದ ಹೆಂಗಸಿಗೆ 17 ಎಂಎಲ್ ಬಂದರೆ, ಮಿತಿಯ ಒಳಗಿದೆ ಅಂತ ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ. ಒಳಗಿನ ಚಿತ್ರ ಹೇಗಿದೆ, ಟಿಎಸ್‌ಎಚ್ ಎಷ್ಟಿದೆ ಅಂತ ನೋಡಲೇಬೇಕು.

“ಬಲ್ಕಿ ಥೈರಾಯ್ಡ್ ಅಂತ ಬರದಾರ, ನಂಬರ್ ಒಂದೂ ಇಲ್ಲ.”

ಆ ಒಂದು ಪದದಿಂದ ನಿಮಗೂ ಉಪಯೋಗ ಇಲ್ಲ, ನಿಮ್ಮ ಡಾಕ್ಟರಿಗೂ ಇಲ್ಲ. ಬಲ್ಕಿ ಅಂದರೆ ದಪ್ಪಗಿದೆ ಅನ್ನುವ ಭಾವನೆ ಅಷ್ಟೇ. ಎರಡು ವರ್ಷ ಕಳೆದ ಮೇಲೆ ಬೇರೊಬ್ಬರು ಸ್ಕ್ಯಾನ್ ಮಾಡಿದರೆ ಯಾವುದಕ್ಕೆ ಹೋಲಿಸಬೇಕು? ಸ್ಕ್ಯಾನ್ ಮಾಡಿಸಿದ ಜಾಗಕ್ಕೆ ಹೋಗಿ “ಎರಡೂ ಲೋಬಿನ ಮೂರು ಅಳತೆ, ಇಸ್ತ್‌ಮಸ್ ದಪ್ಪ ಬರೆದುಕೊಡಿ” ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಆ ಅಳತೆಗಳು ಮಷಿನ್ನಿನಲ್ಲಿ ತೆಗೆದ ಚಿತ್ರದ ಮೇಲೇ ಇರುವುದು ಉಂಟು, ಬರೆಯಲು ಎರಡು ನಿಮಿಷ ಸಾಕು. ಬರೀ ಎಂಎಲ್ ಬರೆದು ಮೂರು ಅಳತೆ ಬಿಟ್ಟಿದ್ದರೂ ಕೇಳಿ. ಮೂರು ಅಳತೆ ಇದ್ದರೆ ಎಂಎಲ್ ಯಾವಾಗ ಬೇಕಾದರೂ ಲೆಕ್ಕ ಹಾಕಬಹುದು. ಎಂಎಲ್‌ನಿಂದ ಅಳತೆ ತೆಗೆಯಲು ಆಗುವುದಿಲ್ಲ.

“ಬಲಗಡಿದು ದೊಡ್ಡದು, ಎಡಗಡಿದು ಸಣ್ಣದು ಐತಿ. ಇದು ರೋಗನಾ?”

ಅಲ್ಲ. ಬಲ ಲೋಬ್ ಸ್ವಲ್ಪ ದೊಡ್ಡದಿರುವುದೇ ಹೆಚ್ಚು. ಅಪರೂಪಕ್ಕೆ ಹುಟ್ಟಿನಿಂದಲೇ ಒಂದು ಲೋಬ್ ಇರುವುದಿಲ್ಲ, ಅದೂ ಹೆಚ್ಚಾಗಿ ಎಡಗಡೆಯದು. ಇದ್ದ ಒಂದೇ ಲೋಬ್ ಕೆಲಸ ನಡೆಸಿಕೊಂಡು ಹೋಗುತ್ತಿರುತ್ತದೆ.

“ನಡುವಿನ ಪಟ್ಟಿ ಲೆಕ್ಕಕ್ಕ ಬರಂಗಿಲ್ಲೇನು?”

ಇಸ್ತ್‌ಮಸ್ ತೆಳುವಾಗಿದ್ದರೆ ಬಿಡುತ್ತೇವೆ. ಯಾಕೆ ಅಂತ ಲೆಕ್ಕವೇ ಹೇಳುತ್ತದೆ. 3 ಮಿ.ಮೀ ದಪ್ಪ, 2 ಸೆಂ.ಮೀ ಅಗಲ, 1.5 ಸೆಂ.ಮೀ ಎತ್ತರದ ಪಟ್ಟಿಯ ಗಾತ್ರ ಅರ್ಧ ಎಂಎಲ್ ಕೂಡ ಆಗುವುದಿಲ್ಲ. ಆದರೆ ಗಾಯಿಟರ್ (ಥೈರಾಯ್ಡ್ ಊತ) ಇದ್ದು ಪಟ್ಟಿ 12 ಮಿ.ಮೀ ದಪ್ಪ, 2 ಸೆಂ.ಮೀ ಅಗಲ, 3 ಸೆಂ.ಮೀ ಎತ್ತರ ಆಗಿದ್ದರೆ ಅದೇ ಸುಮಾರು 3.8 ಎಂಎಲ್. ಅದನ್ನು ಬಿಟ್ಟರೆ ತಪ್ಪು. ಸೇರಿಸಿದ್ದರೆ ಸೇರಿಸಿದ್ದೇವೆ ಅಂತ ರಿಪೋರ್ಟ್‌ನಲ್ಲಿ ಬರೆದಿರಬೇಕು.

## ಹೋಲಿಸಿ ನೋಡುವವರಿಗೆ

“ರಾಯಚೂರಾಗ 14 ಎಂಎಲ್ ಬಂತು, ಮೂರು ತಿಂಗಳ ಮ್ಯಾಗ ಬಳ್ಳಾರ್ಯಾಗ 17. ಇಷ್ಟು ಜಲ್ದಿ ಬೆಳೀತೇನ್ರಿ?”

ಹೆಚ್ಚಿನಂಶ ಬೆಳೆದಿಲ್ಲ. ಇದು ನನಗೆ ಬರುವ ಪ್ರಶ್ನೆಗಳಲ್ಲೇ ಅತಿ ಮುಖ್ಯವಾದದ್ದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಳತೆಯಲ್ಲಿ ಸಣ್ಣ ವ್ಯತ್ಯಾಸ ಬಂದರೂ ಗುಣಿಸುವಾಗ ಅದು ದೊಡ್ಡದಾಗುತ್ತದೆ. 4.8 × 1.8 × 1.6 ಇದ್ದ ಲೋಬಿನ ದಪ್ಪವನ್ನು ಇನ್ನೊಬ್ಬರು 1.8 ಅಂತ ಅಳೆದರು ಅನ್ನಿ. ಎರಡೇ ಮಿ.ಮೀ ವ್ಯತ್ಯಾಸ. ಗಾತ್ರ 7.2ರಿಂದ 8.1 ಎಂಎಲ್ ಆಯಿತು, ಶೇ. 12ಕ್ಕಿಂತ ಜಾಸ್ತಿ. ಅದೇ ಎರಡು ಮಿ.ಮೀ ಉದ್ದದಲ್ಲಿ ಬಂದಿದ್ದರೆ ಶೇ. 4 ಮಾತ್ರ. ಮೂರೂ ಅಳತೆ ಶೇ. 10ರಷ್ಟು ಜಾಸ್ತಿ ಬಂದರೆ ಗಾತ್ರ ಶೇ. 33 ಜಾಸ್ತಿ ಬರುತ್ತದೆ. ಗ್ರಂಥಿ ಒಂದು ಕೂದಲೆಳೆಯಷ್ಟೂ ಬೆಳೆದಿರುವುದಿಲ್ಲ.

ಈ ವ್ಯತ್ಯಾಸ ಬರುವ ದಾರಿಗಳು ಹಲವು. ಪ್ರೋಬ್, ಅಂದರೆ ಕತ್ತಿನ ಮೇಲೆ ಆಡಿಸುವ ಸಾಧನ, ಗಟ್ಟಿಯಾಗಿ ಒತ್ತಿದರೆ ದಪ್ಪ ಕಡಿಮೆ ಕಾಣುತ್ತದೆ. ಕತ್ತು ಎಷ್ಟು ಹಿಂದಕ್ಕೆ ಬಾಗಿದೆ ಅನ್ನುವುದರ ಮೇಲೆ ಆಕಾರ ಬದಲಾಗುತ್ತದೆ. ಅಂಚಿನ ಗೆರೆಯ ಮೇಲೆ ಗುರುತು ಇಟ್ಟರೋ ಒಳಗೆ ಇಟ್ಟರೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಒಬ್ಬರೇ ಎರಡು ಸಲ ಅಳೆದರೂ ಶೇ. 10ರಷ್ಟು ಹೆಚ್ಚುಕಡಿಮೆ ಸಹಜ. ಇಬ್ಬರು ಬೇರೆ ಬೇರೆ ಮಷಿನ್ನಿನಲ್ಲಿ ಅಳೆದರೆ ಶೇ. 20 ಕೂಡ ಆಗಬಹುದು. ನಿಮ್ಮದು 14ರಿಂದ 17, ಅಂದರೆ ಶೇ. 21. ಇಷ್ಟನ್ನೇ ನೋಡಿ ಬೆಳೆದಿದೆ ಅಂತ ನಾನು ಹೇಳುವುದಿಲ್ಲ.

ಒಂದೇ ಸೆಂಟರ್‌ನಲ್ಲಿ, ಸಾಧ್ಯವಾದರೆ ಒಬ್ಬರೇ ಡಾಕ್ಟರ ಹತ್ತಿರ, ಆರು ತಿಂಗಳು ಇಲ್ಲವೇ ವರ್ಷ ಬಿಟ್ಟು ಮಾಡಿಸಿ. ಮೂರು ಅಳತೆ ಎದುರು ಬದುರು ಇಟ್ಟು ನೋಡಿ. ಎರಡು ಮೂರು ಸ್ಕ್ಯಾನ್‌ಗಳಲ್ಲಿ ಒಂದೇ ದಿಕ್ಕಿಗೆ ಏರುತ್ತಾ ಹೋದರೆ ಅದನ್ನು ನಂಬಬಹುದು.

“ಗುಳೇ ಹೋಗ್ತೀವ್ರಿ. ಒಂದ್ಸಲ ಬೆಂಗಳೂರು, ಒಂದ್ಸಲ ಇಲ್ಲಿ. ಒಂದ ಕಡೆ ಹೆಂಗ ಮಾಡಿಸಾದು?”

ನಿಮ್ಮ ಮಾತು ನಿಜ. ಕೊಪ್ಪಳ, ರಾಯಚೂರಿನ ಎಷ್ಟೋ ಮನೆಗಳಲ್ಲಿ ವರ್ಷದ ಅರ್ಧ ಕಾಲ ದುಡಿಮೆ ಬೇರೆ ಊರಲ್ಲೇ. ಅಂಥವರಿಗೆ ಒಂದೇ ಜಾಗದಲ್ಲಿ ಮಾಡಿಸಿ ಅಂತ ಹೇಳಿದರೆ ಪ್ರಯೋಜನ ಇಲ್ಲ. ನೀವು ಇಷ್ಟು ಮಾಡಿ. ರಿಪೋರ್ಟ್ ಮತ್ತು ಫಿಲ್ಮ್ ಎರಡರ ಫೋಟೊ ತೆಗೆದು, ಮನೆಯ ಇಬ್ಬರ ಮೊಬೈಲ್‌ನಲ್ಲಿ ಇಡಿ. ಫಿಲ್ಮ್ ಮುಖ್ಯ, ಏಕೆಂದರೆ ಎಲ್ಲಿಂದ ಎಲ್ಲಿಗೆ ಅಳೆದಿದ್ದಾರೆ ಅಂತ ಅದರಲ್ಲಿ ಕಾಣುತ್ತದೆ. ಮುಂದೆ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ (ಮೊದಲಿನ ವಿಮ್ಸ್) ಹೋಗಿ, ರಾಯಚೂರಿನ ರಿಮ್ಸ್‌ಗೆ ಹೋಗಿ, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ, ಸ್ಕ್ಯಾನ್ ಶುರು ಮಾಡುವ ಮುಂಚೆಯೇ ಹಳೇದನ್ನು ತೋರಿಸಿ. ಮುಗಿದ ಮೇಲೆ ತೋರಿಸಿದರೆ ಹೋಲಿಸಿ ಅಳೆಯುವ ಅವಕಾಶ ತಪ್ಪುತ್ತದೆ.

“ಸಜ್ಜಿ ರೊಟ್ಟಿ ಬಿಡ್ರಿ, ಕೋಸು ಬಿಡ್ರಿ ಅಂತಾರ. ತಿಂದ್ರ ಗಡ್ಡಿ ದಪ್ಪ ಆಗತೈತಾ?”

ಈ ಮಾತಿನ ಹಿಂದೆ ಸ್ವಲ್ಪ ಸತ್ಯ ಇದೆ. ಸಜ್ಜೆಯಲ್ಲಿರುವ ಕೆಲವು ಅಂಶಗಳು ಥೈರಾಯ್ಡ್ ಕೆಲಸಕ್ಕೆ ಅಡ್ಡ ಬರುತ್ತವೆ. ಸುಡಾನ್ ದೇಶದ ಪಶ್ಚಿಮ ಭಾಗದಲ್ಲಿ, ಅಯೋಡಿನ್ ತೀರಾ ಕಡಿಮೆ ಇದ್ದು, ಮೂರು ಹೊತ್ತೂ ಸಜ್ಜೆಯನ್ನೇ ತಿನ್ನುವ ಜನರಲ್ಲಿ ಗಾಯಿಟರ್ ಜಾಸ್ತಿ ಕಂಡಿದೆ. ನಮ್ಮಲ್ಲಿ ಜೋಳದ ರೊಟ್ಟಿಯ ಜೊತೆ ಸಜ್ಜೆ, ಮೇಲೆ ಅನ್ನ, ಅಡುಗೆಗೆ ಅಯೋಡಿನ್ ಉಪ್ಪು. ಇಂಥ ಊಟದಲ್ಲಿ ಸಜ್ಜೆ ಬಿಡಬೇಕಾದ ಕಾರಣ ಇಲ್ಲ. ಬೇಯಿಸಿದ ಕೋಸು, ಹೂಕೋಸು ಕೂಡ ಹಾಗೆಯೇ.

ನೋಡಬೇಕಾದದ್ದು ಉಪ್ಪಿನ ಕಡೆ. ನಮ್ಮ ದೇಶದಲ್ಲಿ 1962ರಲ್ಲಿ ಗಾಯಿಟರ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1992ರಲ್ಲಿ ಅದಕ್ಕೆ ಅಯೋಡಿನ್ ಕೊರತೆ ನಿಯಂತ್ರಣ ಕಾರ್ಯಕ್ರಮ ಅಂತ ಹೆಸರು ಬದಲಾಯಿತು. ಮನೆಗೆ ಬರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ (ಒಂದು ಕೆಜಿಗೆ 15 ಮಿಲಿಗ್ರಾಂ) ಅಯೋಡಿನ್ ಇರಬೇಕು ಅನ್ನುವುದು ನಿಯಮ. ಸಂತೆಯಲ್ಲಿ ಚೀಲದಿಂದ ಅಳೆದು ಕೊಡುವ ಹರಳುಪ್ಪಿನಲ್ಲಿ ಇದು ಇರುತ್ತದೆ ಅಂತ ಹೇಳಲಾಗದು. ಪ್ಯಾಕೆಟ್ ಉಪ್ಪು ತಂದು, ಮುಚ್ಚಳ ಇರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ನಮ್ಮ ಬೇಸಿಗೆಯಲ್ಲಿ ತೆರೆದಿಟ್ಟ ಉಪ್ಪು ಅಯೋಡಿನ್ ಕಳೆದುಕೊಳ್ಳುತ್ತದೆ. ಹಾಗಂತ ಉಪ್ಪು ಜಾಸ್ತಿ ತಿನ್ನಬೇಡಿ, ಬಿಪಿ ಏರುತ್ತದೆ.

“ನಮ್ಮೂರ ಬೋರಿನ ನೀರಾಗ ಫ್ಲೋರೈಡ್ ಐತಿ. ಅದಕ್ಕ ಹಿಂಗಾಗಿರಬಹುದಾ?”

ಸ್ಕ್ಯಾನ್ ಅದನ್ನು ಹೇಳುವುದಿಲ್ಲ. ಫ್ಲೋರೈಡ್ ಜಾಸ್ತಿ ಇರುವ ನೀರು ಹಲ್ಲು, ಮೂಳೆ ಕೆಡಿಸುತ್ತದೆ, ಅಷ್ಟಕ್ಕೇ ಅದನ್ನು ಕುಡಿಯುವುದು ಬಿಡಬೇಕು. ಶುದ್ಧ ನೀರಿನ ಘಟಕದ ನೀರು ತನ್ನಿ. ಆದರೆ ಗಡ್ಡೆಗೆ ನೀರೇ ಕಾರಣ ಅಂತ ತೀರ್ಮಾನಿಸಿ ಟಿಎಸ್‌ಎಚ್, ಆ್ಯಂಟಿಬಾಡಿ ಪರೀಕ್ಷೆ ಬಿಡಬೇಡಿ. ಹಾಶಿಮೊಟೊ ಇದ್ದರೆ ಅದು ಗೊತ್ತಾಗುವುದು ಆ ಪರೀಕ್ಷೆಗಳಿಂದ.

“ಸೊಸಿ ಬಸುರಿ ಅದಾಳ. ಈಗ ಸ್ಕ್ಯಾನ್ ಮಾಡಿಸಬಹುದಾ?”

ಮಾಡಿಸಬಹುದು ಅವ್ವ, ಕೂಸಿಗೆ ಏನೂ ಆಗುವುದಿಲ್ಲ. ಬಸುರಿನಲ್ಲಿ ಗ್ರಂಥಿ ಸ್ವಲ್ಪ ದೊಡ್ಡದಾಗುವುದು ಸಹಜ. ಅಯೋಡಿನ್ ಸಾಕಷ್ಟು ಇದ್ದರೆ ಶೇ. 10ರಷ್ಟು, ಕೊರತೆ ಇದ್ದರೆ ಇನ್ನೂ ಜಾಸ್ತಿ. ಆ ಕಾಲದಲ್ಲಿ ದಿನಕ್ಕೆ 250 ಮೈಕ್ರೊಗ್ರಾಂ ಅಯೋಡಿನ್ ಬೇಕು, ಬೇರೆ ದೊಡ್ಡವರಿಗೆ 150 ಸಾಕು. ಬಸುರಿಯ ಗಾತ್ರವನ್ನು ಬಸುರಿಗೆ ಮುಂಚಿನ ಗಾತ್ರದ ಜೊತೆ ಹೋಲಿಸಬೇಡಿ. ಸ್ಕ್ಯಾನ್‌ಗಿಂತ ಮೊದಲು ಟಿಎಸ್‌ಎಚ್ ಮಾಡಿಸಿ.

## ಮಕ್ಕಳು ಮತ್ತು ಗಂಟುಗಳು

“ಮಗಳಿಗೆ ಒಂಬತ್ತು ವರ್ಷ. 6 ಎಂಎಲ್ ಬಂದೈತಿ. 18ರ ಒಳಗ ಐತಲ್ಲ, ಚಿಂತಿಲ್ಲ ಅಲ್ವಾ?”

18 ದೊಡ್ಡವರ ಲೆಕ್ಕ. ಮಗುವಿಗೆ ಅದನ್ನು ಹಾಕಬಾರದು. 6ರಿಂದ 12 ವರ್ಷದ ಮಕ್ಕಳಿಗೆ 2004ರಲ್ಲಿ ಪ್ರಕಟವಾದ, ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಕೋಷ್ಟಕ ಇದೆ. ಅಯೋಡಿನ್ ಸಾಕಷ್ಟು ಸಿಗುವ ಊರುಗಳ ಮಕ್ಕಳನ್ನು ಅಳೆದು ಮಾಡಿದ್ದು. ಅದರ ಪ್ರಕಾರ ಮೇಲಿನ ಮಿತಿ 6 ವರ್ಷಕ್ಕೆ ಸುಮಾರು 3 ಎಂಎಲ್, 9 ವರ್ಷಕ್ಕೆ 4ರ ಆಸುಪಾಸು, 12 ವರ್ಷಕ್ಕೆ ಹುಡುಗರಿಗೆ 6, ಹುಡುಗಿಯರಿಗೆ ಅದಕ್ಕಿಂತ ಅರ್ಧ ಎಂಎಲ್ ಜಾಸ್ತಿ. ಒಂಬತ್ತು ವರ್ಷಕ್ಕೆ 6 ಅಂದರೆ ಮಿತಿ ದಾಟಿದೆ. ಗಾಬರಿ ಬೀಳುವಂಥದ್ದಲ್ಲ, ಆದರೆ ಮಕ್ಕಳ ಡಾಕ್ಟರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಿ.

ವಯಸ್ಸಿನ ಬದಲು ಮೈಯ ಹೊರಮೈ ವಿಸ್ತೀರ್ಣದಿಂದ ನೋಡುವುದು ಇನ್ನೂ ಸರಿ, ಅದರಲ್ಲೂ ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದ ಮಕ್ಕಳಲ್ಲಿ. ಎತ್ತರವನ್ನು ಸೆಂ.ಮೀನಲ್ಲಿ, ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. 120 ಸೆಂ.ಮೀ, 22 ಕೆಜಿ ಇದ್ದರೆ 0.86 ಚದರ ಮೀಟರ್ ಬರುತ್ತದೆ. ಆದ್ದರಿಂದ ಮಕ್ಕಳನ್ನು ಸ್ಕ್ಯಾನ್‌ಗೆ ಕರೆತರುವಾಗ ಎತ್ತರ, ತೂಕ ಬರೆಸಿಕೊಂಡು ಬನ್ನಿ.

“ಒಳಗ 1.2 ಸೆಂ.ಮೀ ಗಂಟು ಐತಂತ. ಗ್ರಂಥಿ ಸೈಜ್ ನಾರ್ಮಲ್ ಇದ್ರೂ ಸೂಜಿ ಹಾಕಿಸಬೇಕಾ?”

ಗಂಟಿನ ತೀರ್ಮಾನಕ್ಕೆ ಗ್ರಂಥಿಯ ಗಾತ್ರ ಬೇಕಾಗುವುದಿಲ್ಲ. ಗಂಟಿನ ರೂಪ ಬೇಕು. ಒಳಗೆ ನೀರಿದೆಯೋ ಗಟ್ಟಿ ಇದೆಯೋ, ಬಣ್ಣ ಎಷ್ಟು ಕಪ್ಪು, ಅಂಚು ಹೇಗಿದೆ, ಅಗಲಕ್ಕಿಂತ ಎತ್ತರ ಜಾಸ್ತಿ ಇದೆಯೋ, ಬಿಳಿ ಚುಕ್ಕೆ ಇದೆಯೋ ನೋಡಿ ಅಂಕ ಕೊಡುತ್ತೇವೆ, ಅಂಕ ಕೂಡಿಸಿ ವರ್ಗ ಮಾಡುತ್ತೇವೆ. ಇದಕ್ಕೆ ಟೈರಾಡ್ಸ್ ಅನ್ನುತ್ತಾರೆ. 2017ರ ಅಮೆರಿಕದ ಪದ್ಧತಿಯಲ್ಲಿ 3ನೇ ವರ್ಗಕ್ಕೆ 2.5 ಸೆಂ.ಮೀ, 4ಕ್ಕೆ 1.5, 5ಕ್ಕೆ 1 ಸೆಂ.ಮೀ ಮುಟ್ಟಿದರೆ ಸೂಜಿ ಪರೀಕ್ಷೆ, ಅಂದರೆ ಸೂಜಿಯಿಂದ ಗಂಟಿನ ಕೋಶ ತೆಗೆದು ನೋಡುವುದು. ನಿಮ್ಮ 1.2 ಸೆಂ.ಮೀ ಗಂಟು 5ನೇ ವರ್ಗ ಆಗಿದ್ದರೆ ಬೇಕು, 3 ಅಥವಾ 4 ಆಗಿದ್ದರೆ ಸದ್ಯಕ್ಕೆ ಬೇಡ.

ಗಂಟು ಬೆಳೆದಿದೆ ಅನ್ನಲು ಕನಿಷ್ಠ ಎರಡು ಅಳತೆ ಶೇ. 20ರಷ್ಟು, ಅದೂ 2 ಮಿ.ಮೀಗೆ ಕಡಿಮೆ ಇಲ್ಲದಂತೆ ಏರಿರಬೇಕು. ಇಲ್ಲವೇ ಗಾತ್ರ ಶೇ. 50ಕ್ಕಿಂತ ಜಾಸ್ತಿ ಆಗಿರಬೇಕು. 1.2ರಿಂದ 1.3 ಆದದ್ದನ್ನು ಬೆಳವಣಿಗೆ ಅನ್ನುವುದಿಲ್ಲ.

## ಕಲಿಯುವವರಿಗೆ, ಆಳಕ್ಕೆ ಹೋಗುವವರಿಗೆ

“ಸರ್, ನಮ್ಮ ಮಷಿನ್ 0.479 ಹಾಕ್ತದ, ಪುಸ್ತಕದಾಗ 0.523 ಐತಿ. ಯಾವ್ದು ಬಳಸಬೇಕು?”

1981ರಲ್ಲಿ ಜರ್ಮನಿಯಲ್ಲಿ ಬ್ರುನ್ ಮತ್ತು ಸಂಗಡಿಗರು ಸ್ಕ್ಯಾನ್ ಲೆಕ್ಕವನ್ನು ನಿಜವಾದ ಲೋಬಿನ ಗಾತ್ರದ ಜೊತೆ ಹೋಲಿಸಿದರು. 0.523 ಸ್ವಲ್ಪ ಜಾಸ್ತಿ ಹೇಳುತ್ತದೆ ಅಂತ ಕಂಡು 0.479 ಸೂಚಿಸಿದರು. ಮಕ್ಕಳ ಕೋಷ್ಟಕ ಇದರ ಮೇಲೆಯೇ ನಿಂತಿದೆ. ಹಾಗಾಗಿ ಮಕ್ಕಳಿಗೆ, ಶಾಲಾ ಸಮೀಕ್ಷೆಗೆ 0.479 ಬಿಟ್ಟು ಬೇರೆ ಹಾಕಬೇಡಿ.

ದೊಡ್ಡವರಿಗೆ ಎರಡೂ ನಡೆಯುತ್ತದೆ. ವ್ಯತ್ಯಾಸ ಶೇ. 8ರಷ್ಟು. ಮೇಲೆ 13.2 ಎಂಎಲ್ ಬಂದ ಗ್ರಂಥಿ 0.479 ಹಾಕಿದರೆ 12.1 ಆಗುತ್ತದೆ. ಮಷಿನ್ ಬದಲಾದಾಗ ಈ ಅಂಕಿ ಬದಲಾಗಿ, ರೋಗಿಗೆ “ಮಾತ್ರೆಯಿಂದ ಕಡಿಮೆ ಆಯಿತು” ಅಂತ ಹೇಳುವ ಅಪಾಯ ಇದೆ. ನಿಮ್ಮ ಮಷಿನ್ ಯಾವುದನ್ನು ಬಳಸುತ್ತದೆ ಅಂತ ಒಂದು ಲೋಬ್ ಕೈಲೆಕ್ಕ ಮಾಡಿ ಕಂಡುಕೊಳ್ಳಿ, ರಿಪೋರ್ಟಿನ ಅಡಿಯಲ್ಲಿ ಬರೆಯಿರಿ.

“ಲೋಬ್ ಪ್ರೋಬಿಗಿಂತ ಉದ್ದ ಐತಿ, ಸ್ಕ್ರೀನಿನಾಗ ಹಿಡಿಸಂಗಿಲ್ಲ. ಏನ್ ಮಾಡಬೇಕು?”

ಲೀನಿಯರ್ ಪ್ರೋಬಿನ ಮುಖ ಹೆಚ್ಚಾಗಿ 4ರಿಂದ 5 ಸೆಂ.ಮೀ. ಲೋಬ್ 6 ಇದ್ದರೆ ತುದಿ ಹೊರಗೆ ಉಳಿಯುತ್ತದೆ. ಕಂಡಷ್ಟನ್ನೇ ಅಳೆದು ಬರೆಯುವುದು ದೊಡ್ಡ ತಪ್ಪು. ಸ್ಕ್ರೀನ್ ಎರಡು ಭಾಗ ಮಾಡಿ, ಮೇಲಿನ ಅರ್ಧ ಒಂದರಲ್ಲಿ, ಕೆಳಗಿನ ಅರ್ಧ ಇನ್ನೊಂದರಲ್ಲಿ ಹಿಡಿದು ಜೋಡಿಸಿ ಅಳೆಯಿರಿ. ಪನೋರಮಿಕ್ ಇದ್ದರೆ ಇನ್ನೂ ಸುಲಭ. ಅದೂ ಇಲ್ಲದಿದ್ದರೆ ಹೊಟ್ಟೆ ನೋಡುವ ಬಾಗಿದ ಪ್ರೋಬ್ ತೆಗೆದುಕೊಂಡು ಉದ್ದ ಮಾತ್ರ ಅದರಲ್ಲಿ ಅಳೆಯಿರಿ. ಅಗಲ, ದಪ್ಪ ಲೀನಿಯರ್‌ನಲ್ಲೇ ಇರಲಿ.

ಅಗಲ ಮತ್ತು ದಪ್ಪವನ್ನು ಅಡ್ಡ ಚಿತ್ರದಲ್ಲಿ, ಲೋಬ್ ಅತಿ ದೊಡ್ಡದಿರುವ ಕಡೆ, ಒಂದಕ್ಕೊಂದು ಲಂಬವಾಗಿ ಅಳೆಯಿರಿ. ಓರೆಯಾಗಿ ಎಳೆದರೆ ಎರಡೂ ಜಾಸ್ತಿ ಬರುತ್ತವೆ. ಜೆಲ್ ಧಾರಾಳ ಹಾಕಿ, ಕೈ ಹಗುರ ಇರಲಿ. ಉಗುಳು ನುಂಗಬೇಡಿ ಅಂತ ಅಳೆಯುವ ಕ್ಷಣದಲ್ಲಿ ರೋಗಿಗೆ ಹೇಳಿ.

“ಗಡ್ಡೆ ಎದಿ ಒಳಗ ಇಳದೈತಿ ಅಂತಾರ. ಸ್ಕ್ಯಾನ್ ಸೈಜ್ ನಂಬಬಹುದಾ?”

ನಂಬಬೇಡಿ. ಎದೆಯ ಎಲುಬಿನ ಹಿಂದೆ ಅಲ್ಟ್ರಾಸೌಂಡ್ ಹೋಗುವುದಿಲ್ಲ, ಅಲ್ಲಿ ಇಳಿದ ಭಾಗ ಲೆಕ್ಕಕ್ಕೇ ಬರುವುದಿಲ್ಲ. “ಕೆಳಗಿನ ತುದಿ ಕಾಣಲಿಲ್ಲ” ಅಂತ ರಿಪೋರ್ಟ್‌ನಲ್ಲಿ ಬರೆಯುವುದು ನಮ್ಮ ಕರ್ತವ್ಯ. ಸಿಟಿ ಮಾಡಿದರೆ ಪೂರ್ತಿ ಗಾತ್ರವೂ, ಶ್ವಾಸನಾಳ ಎಷ್ಟು ಒತ್ತಿದೆ ಅನ್ನುವುದೂ ಗೊತ್ತಾಗುತ್ತದೆ. ತುಂಬಾ ಗಂಟುಗಳಿರುವ ದೊಡ್ಡ ಗಾಯಿಟರ್‌ನಲ್ಲೂ ಮೂರು ಅಳತೆಯ ಲೆಕ್ಕ ನಿಜಕ್ಕಿಂತ ಕಡಿಮೆ ಹೇಳುವುದುಂಟು, ಅದರ ಆಕಾರ ಸೂತ್ರಕ್ಕೆ ಹೊಂದುವುದಿಲ್ಲ.

ಮಲಗಿದಾಗ ಉಸಿರು ಕಟ್ಟುವುದು, ದನಿ ಬದಲಾಗುವುದು, ನುಂಗಲು ಕಷ್ಟ, ಗಡ್ಡೆ ವಾರಗಳಲ್ಲೇ ಬೆಳೆಯುವುದು ಕಂಡರೆ ಎಂಎಲ್ ಲೆಕ್ಕ ಬಿಟ್ಟು ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ.

“ಅಯೋಡಿನ್ ಟ್ರೀಟ್‌ಮೆಂಟ್ ಕೊಡಾಕ ಸೈಜ್ ಯಾಕ ಕೇಳ್ತಾರ?”

ರೇಡಿಯೊ ಅಯೋಡಿನ್ (ವಿಕಿರಣ ಇರುವ ಅಯೋಡಿನ್ ಔಷಧಿ) ಪ್ರಮಾಣವನ್ನು ಗ್ರಂಥಿಯ ತೂಕದ ಮೇಲೆ ಲೆಕ್ಕ ಹಾಕುವ ಪದ್ಧತಿ ಇದೆ. 40 ಗ್ರಾಂ ಗ್ರಂಥಿ, ಗ್ರಾಂಗೆ 100 ಮೈಕ್ರೊಕ್ಯೂರಿ ಬೇಕು, ಗ್ರಂಥಿ ಕೊಟ್ಟದ್ದರಲ್ಲಿ ಅರ್ಧ ಹೀರುತ್ತದೆ ಅಂದರೆ 40 × 100 ಮಾಡಿ 0.5ರಿಂದ ಭಾಗಿಸಿ. 8000 ಮೈಕ್ರೊಕ್ಯೂರಿ, ಅಂದರೆ 8 ಮಿಲಿಕ್ಯೂರಿ. ಇಲ್ಲಿ ಗಾತ್ರವನ್ನು 50 ಅಂತ ಬರೆದರೆ ಔಷಧಿ 10 ಮಿಲಿಕ್ಯೂರಿ ಆಗಿಬಿಡುತ್ತದೆ. ಎಲ್ಲರಿಗೂ ಒಂದೇ ಪ್ರಮಾಣ ಕೊಡುವ ಆಸ್ಪತ್ರೆಗಳೂ ಇವೆ. ಅಲ್ಲಿಯೂ ಗಾತ್ರ ಬೇಕು, ಏಕೆಂದರೆ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯಲ್ಲಿ ಗ್ರಂಥಿ 80 ಗ್ರಾಂ ದಾಟಿದ್ದರೆ ಆಪರೇಷನ್ ಕಡೆ ಒಲವು ಜಾಸ್ತಿ.

ಗಂಟುಗಳಿರುವ ಗಾಯಿಟರ್‌ಗೆ ಈ ಔಷಧಿ ಕೊಟ್ಟರೆ ಒಂದು ವರ್ಷದಲ್ಲಿ ಗಾತ್ರ ಸುಮಾರು ಶೇ. 40ರಷ್ಟು ಇಳಿಯುತ್ತದೆ. ಎರಡು ಮೂರು ತಿಂಗಳಿಗೇ ಸ್ಕ್ಯಾನ್ ಮಾಡಿಸಿ “ಇಳಿದಿಲ್ಲ” ಅಂತ ಬೇಸರ ಪಡುವುದು ಬೇಡ.

“ಒಂದ ಕಡೆ ತೆಗಿಸೇವಿ. ಈಗ ಸೈಜ್ ಹೆಂಗ ನೋಡಾದು?”

ಉಳಿದ ಲೋಬಿನದು ಮಾತ್ರ ನೋಡಿ. 18, 25ರ ಮಿತಿ ಎರಡೂ ಲೋಬ್ ಇದ್ದವರಿಗೆ, ನಿಮಗಲ್ಲ. ಆಪರೇಷನ್‌ಗೆ ಮುಂಚಿನ ರಿಪೋರ್ಟ್‌ನಲ್ಲಿ ಇದೇ ಲೋಬಿನ ಮೂರು ಅಳತೆ ಇರುತ್ತದೆ, ಅದರ ಜೊತೆ ಹೋಲಿಸಿ. ಉಳಿದ ಲೋಬ್ ಸ್ವಲ್ಪ ಹಿಗ್ಗುವುದು ಸಹಜ. ಗ್ರಂಥಿ ತೆಗೆದ ಜಾಗದಲ್ಲಿ ಏನಾದರೂ ಹೊಸದಾಗಿ ಕಂಡರೆ ಅದನ್ನು ಬೇರೆಯಾಗಿ ಅಳೆದು ಬರೆಯುತ್ತಾರೆ, ಲೋಬಿನ ಗಾತ್ರಕ್ಕೆ ಸೇರಿಸುವುದಿಲ್ಲ.